ಚೌಕದಿಂದ ಸಾಲಿಗೆ: ಸ್ಕ್ವೇರ್ ಡಾನ್ಸ್ ಬಲ್ಲವರಿಗೆ ಕಾಂಟ್ರಾ ಡಾನ್ಸ್

(ಮ್ಯಾಸಚೂಸೆಟ್ಸ್‌ನಲ್ಲಿ ಕೆಲವು ವರ್ಷಗಳಿಂದ ಸ್ಕ್ವೇರ್ ಡಾನ್ಸ್, ಎಂದರೆ ನಾಲ್ಕು ಜೋಡಿಗಳು ಚೌಕವಾಗಿ ನಿಂತು ಕುಣಿಯುವ ಅಮೆರಿಕದ ನೃತ್ಯ, ಮಾಡುತ್ತಿರುವ ಕನ್ನಡಿಗರ ಸಣ್ಣ ಕೂಟವೊಂದರಲ್ಲಿ ಮಾಡಿದ ಉಪನ್ಯಾಸದ ಬರಹ ರೂಪ. ಮಾತಿನ ನಡುವೆ ಮಾಡಿ ತೋರಿಸಿದ ಭಾಗಗಳನ್ನು ಇಲ್ಲಿ ವಿವರಣೆಯಾಗಿ ಬರೆದಿದ್ದೇನೆ.)

ಆತ್ಮೀಯರೇ,

ಇಲ್ಲಿ ಕುಳಿತಿರುವವರಲ್ಲಿ ಹೆಚ್ಚಿನವರು ಸ್ಕ್ವೇರ್ ಡಾನ್ಸ್ ಕಲಿಕೆಯ ಪ್ಲಸ್ ಹಂತವನ್ನು ಮುಗಿಸಿದವರು. ಎಂದರೆ, ಕಾಲರ್ ಎಂಬ ನಿರ್ದೇಶಕ ಕೂಗಿ ಹೇಳುವ, ಚಲನೆಗಳನ್ನು ಸೂಚಿಸುವ ಸುಮಾರು ನೂರು ಕಾಲ್‌ಗಳನ್ನು ಕಿವಿಗೆ ಬಿದ್ದ ಕೂಡಲೇ ಕಾಲಿಗೆ ಇಳಿಸಬಲ್ಲವರು. ಎರಡು ಉದ್ದ ಸಾಲುಗಳಲ್ಲಿ ಎದುರುಬದುರಾಗಿ ನಿಂತು ಕುಣಿಯುವ ಕಾಂಟ್ರಾ ಡಾನ್ಸ್‌ನ ಒಂದು ಇಡೀ ಸಂಜೆಗೆ ಬೇಕಾಗುವ ಚಲನೆಗಳು ಇಪ್ಪತ್ತೋ ಮೂವತ್ತೋ ಇದ್ದಾವು, ಅವುಗಳಲ್ಲಿ ಬಹುಪಾಲು ನಿಮಗೆ ಈಗಾಗಲೇ ಗೊತ್ತಿವೆ. ಲೆಕ್ಕದ ಪ್ರಕಾರ ನಿಮಗೆ ಅದು ಸುಲಭವಾಗಬೇಕು. ಆದರೂ ನುರಿತ ಸ್ಕ್ವೇರ್ ಡಾನ್ಸರ್‌ಗಳು ತಮ್ಮ ಮೊದಲ ಕಾಂಟ್ರಾ ಸಂಜೆಯಲ್ಲಿ ತಡವರಿಸುವುದನ್ನು ನಾನು ಮತ್ತೆ ಮತ್ತೆ ನೋಡಿದ್ದೇನೆ, ನಾನೂ ಹಾಗೆಯೇ ತಡವರಿಸಿದವರಲ್ಲಿ ಒಬ್ಬ. ಈ ತೊಡಕು ಚಲನೆಗಳನ್ನು ತಿಳಿಯದ್ದರಿಂದ ಬರುವುದಲ್ಲ. ಇಷ್ಟು ವರ್ಷ ಕಾಲರ್‌ನ ಮಾತಿಗೆ ಓಗೊಟ್ಟು ಪಳಗಿದ ಕಿವಿ ಇಲ್ಲಿ ಪಿಟೀಲಿನ ಕಡೆಗೆ ತಿರುಗಬೇಕಾಗುತ್ತದೆ, ಆ ತಿರುವಿಗೆ ಸ್ವಲ್ಪ ಕಾಲ ಹಿಡಿಯುತ್ತದೆ. ನಾನು ಹೇಳಬೇಕೆಂದಿರುವುದೆಲ್ಲ ಈ ಒಂದು ವಿಷಯದ ಸುತ್ತಲೇ ಇದೆ.

ನನ್ನ ಮೊದಲ ಸಂಜೆಯ ಅನುಭವವನ್ನೇ ಹೇಳುತ್ತೇನೆ. ಕಾಲರ್ 'ಸರ್ಕಲ್ ಲೆಫ್ಟ್' ಎಂದ ತಕ್ಷಣ ನಾನು ಕೈಹಿಡಿದು ಹೊರಟೆ, ನನ್ನ ಪಕ್ಕದ ಮೂವರು ಇನ್ನೂ ಸ್ವಿಂಗ್ (ಇಬ್ಬರು ಒಬ್ಬರನ್ನೊಬ್ಬರು ಹಿಡಿದು ಗಿರಕಿ ಹೊಡೆಯುವುದು) ಮುಗಿಸಿರಲಿಲ್ಲ. ಮುಂದಿನ ಸಲವೂ ಹಾಗೆಯೇ ಆಯಿತು. ಎಲ್ಲ ಕಡೆಯೂ ಎರಡು ಮೂರು ಎಣಿಕೆ ಮೊದಲೇ ತಲುಪಿ, ಉಳಿದವರು ಬರುವವರೆಗೆ ಕಾದು ನಿಲ್ಲುತ್ತಿದ್ದೆ. ಆಗ ನನ್ನ ಎದುರಿಗಿದ್ದ ಹಿರಿಯ ಮಹಿಳೆಯೊಬ್ಬರು, ಕೈ ಬಿಡದೆಯೇ, 'ಅವಸರವಿಲ್ಲ, ರಾಗ ತಿರುಗಿದಾಗ ನೀವೂ ತಿರುಗಿ' ಎಂದರು. ಅದಕ್ಕಿಂತ ಸಂಕ್ಷಿಪ್ತವಾದ, ಅದಕ್ಕಿಂತ ಪೂರ್ಣವಾದ ಪಾಠವನ್ನು ನಾನು ಬೇರೆಲ್ಲೂ ಕೇಳಿಲ್ಲ.

ಸ್ಕ್ವೇರ್ ಡಾನ್ಸ್‌ನ ಪ್ಯಾಟರ್ ಭಾಗದಲ್ಲಿ (ಹಾಡಿಗೆ ಕಟ್ಟುಬೀಳದೆ ಕಾಲ್‌ಗಳನ್ನು ಕೊಡುವ ಭಾಗ) ಕಾಲರ್ ಮೊದಲು ಹೇಳುತ್ತಾನೆ, ನೀವು ಅನಂತರ ಮಾಡುತ್ತೀರಿ. ಮುಂದೆ ಏನು ಬರುತ್ತದೆಂದು ನಿಮಗೆ ತಿಳಿದಿರುವುದಿಲ್ಲ, ತಿಳಿಯಬಾರದು ಎನ್ನುವುದೇ ಆ ಆಟದ ಸೊಗಸು. ಸಂಗೀತ ಅಲ್ಲಿ ನಡಿಗೆಗೆ ಲಯವನ್ನು ಕೊಡುತ್ತದೆ, ಆದರೆ ಯಾವ ಚಲನೆ ಯಾವ ಸ್ವರದ ಮೇಲೆ ಆರಂಭವಾಗಬೇಕೆಂದು ಹೇಳುವುದಿಲ್ಲ. ಕಾಂಟ್ರಾದಲ್ಲಿ ಹೇಳುವುದೇ ಅದು. ಸಾಮಾನ್ಯವಾದ ಕಾಂಟ್ರಾ ರಾಗವೊಂದಕ್ಕೆ ಎರಡು ಭಾಗಗಳಿರುತ್ತವೆ, ಒಂದೊಂದು ಭಾಗವನ್ನೂ ಎರಡೆರಡು ಸಲ ನುಡಿಸುತ್ತಾರೆ. ಹೀಗೆ ಬರುವ ನಾಲ್ಕು ತುಂಡುಗಳಲ್ಲಿ ಪ್ರತಿಯೊಂದಕ್ಕೂ 16 ಎಣಿಕೆ, ಒಟ್ಟು 64. ನೃತ್ಯವೂ ಸರಿಯಾಗಿ 64 ಎಣಿಕೆಗೆ ಕಟ್ಟಿದ್ದೇ ಆಗಿರುತ್ತದೆ. ಹೆಚ್ಚಿನ ಚಲನೆಗಳಿಗೆ 8 ಎಣಿಕೆ. ಸಂಗೀತ ಕಲಿತ ಕನ್ನಡಿಗರಿಗೆ ಇದನ್ನು ವಿವರಿಸುವುದು ಸುಲಭ: ಒಂದು ಚಲನೆ ಎಂದರೆ ಆದಿತಾಳದ ಒಂದು ಆವರ್ತ, ಅಂಥ ಎಂಟು ಆವರ್ತಗಳಿಗೆ ಒಂದು ಸುತ್ತು. ಚಲನೆಯನ್ನು ಬೇಗ ಮುಗಿಸಿ ಸುಮ್ಮನೆ ನಿಂತರೂ ತಪ್ಪು, ಎಳೆದು ಮುಂದಿನ ಆವರ್ತಕ್ಕೆ ಕಾಲಿಟ್ಟರೂ ತಪ್ಪು. ಸಮಕ್ಕೆ ಸರಿಯಾಗಿ ಬಂದು ಸೇರಬೇಕು.

ಇದು ನಿಮಗೆ ತೀರ ಹೊಸದೂ ಅಲ್ಲ. ನಿಮ್ಮ ಪ್ರತಿ ಟಿಪ್‌ನ (ಒಂದು ಸರದಿ ಕುಣಿತದ) ಕೊನೆಗೆ ಬರುವ, ಕಾಲರ್ ಹಾಡುತ್ತಲೇ ಕಾಲ್ ಕೊಡುವ ಸಿಂಗಿಂಗ್ ಕಾಲ್‌ನ್ನು ನೆನಪಿಸಿಕೊಳ್ಳಿ. ಅದರಲ್ಲಿಯೂ 64 ಎಣಿಕೆಯ ಘಟಕವೇ ಏಳು ಸಲ ಬರುತ್ತದೆ, ಅವುಗಳಲ್ಲಿ ನಾಲ್ಕು ಸುತ್ತುಗಳ ಕೊನೆಗೆ ನೀವು ಹೊಸ ಜೊತೆಗಾರರೊಂದಿಗೆ ಪ್ರಾಮೆನೇಡ್ ಮಾಡಿ (ಕೈಹಿಡಿದು ಸುತ್ತ ನಡೆದು) ಹಾಡಿನ ಸಾಲಿನ ಜೊತೆಗೇ ನೆಲೆ ಸೇರುತ್ತೀರಿ. ಹಾಡೂ ಹೆಜ್ಜೆಯೂ ಒಟ್ಟಿಗೆ ಮುಗಿದಾಗ ಆಗುವ ಆ ಹಿತ ಕಾಂಟ್ರಾದಲ್ಲಿ ಪ್ರತಿ 8 ಎಣಿಕೆಗೂ ಸಿಗಬೇಕು ಎಂದು ಊಹಿಸಿಕೊಂಡರೆ ನೀವು ಅರ್ಧ ದಾರಿ ಕ್ರಮಿಸಿದಂತೆಯೇ.

ಕಾಲರ್‌ನ ಕೆಲಸವೂ ಇಲ್ಲಿ ಬೇರೆ. ಸಂಗೀತ ಆರಂಭವಾಗುವ ಮೊದಲೇ ಆತ ಅಥವಾ ಆಕೆ ಇಡೀ ನೃತ್ಯವನ್ನು ನಿಧಾನವಾಗಿ ನಡೆಸಿ ತೋರಿಸುತ್ತಾರೆ. ವಾದ್ಯಗಳು ಶುರುವಾದ ಮೇಲೆ ಪ್ರತಿ ಚಲನೆಯ ಹೆಸರನ್ನು ಅದು ಆರಂಭವಾಗುವುದಕ್ಕೆ ಎರಡೋ ನಾಲ್ಕೋ ಎಣಿಕೆ ಮೊದಲು ನುಡಿಯುತ್ತಾರೆ. ಆ ಮಾತು ಹೊರಡಲು ಕೊಡುವ ಆಜ್ಞೆಯಲ್ಲ, ಮುಂಬರುವುದರ ನೆನಪು ಮಾತ್ರ. ಹೊರಡಲು ಹೇಳುವುದು ರಾಗ. ಕೆಲವು ಸುತ್ತುಗಳಾದ ಮೇಲೆ ಕಾಲರ್ ಮಾತನ್ನು ಕಡಿಮೆ ಮಾಡುತ್ತಾ ಬಂದು ಕೊನೆಗೆ ಪೂರ್ತಿ ಮೌನವಾಗುತ್ತಾರೆ. ಸ್ಕ್ವೇರ್ ಡಾನ್ಸ್‌ನಲ್ಲಿ ಕಾಲರ್ ಸುಮ್ಮನಾದರೆ ಸಭಾಂಗಣವೇ ನಿಂತುಹೋಗುತ್ತದೆ. ಕಾಂಟ್ರಾದಲ್ಲಿ ನೃತ್ಯ ನಿಜವಾಗಿ ಕಳೆಗಟ್ಟುವುದೇ ಆ ಮೌನದಲ್ಲಿ.

ಉದಾಹರಣೆಗೆ ಒಂದು ಸರಳ ನೃತ್ಯವನ್ನು ತೆಗೆದುಕೊಳ್ಳೋಣ. ಜೋಡಿಗಳೆಲ್ಲ ಸಭಾಂಗಣದ ಉದ್ದಕ್ಕೂ ಎರಡು ಸಾಲಾಗಿ, ಎದುರುಬದುರಾಗಿ ನಿಲ್ಲುತ್ತಾರೆ. ವಾದ್ಯವೃಂದ ಇರುವ ತುದಿಯನ್ನು ಮೇಲು ಎನ್ನುತ್ತಾರೆ. ಮೇಲಿನಿಂದ ಎಣಿಸುತ್ತಾ ನಾಲ್ವರು ನಾಲ್ವರು ಕೈಹಿಡಿದಾಗ ಎರಡೆರಡು ಜೋಡಿಗಳ ಗುಂಪುಗಳಾಗುತ್ತವೆ. ವೇದಿಕೆಗೆ ಹತ್ತಿರ ಇರುವ ಜೋಡಿ ಒಂದನೆಯದು, ಇನ್ನೊಂದು ಎರಡನೆಯದು. ಒಂದನೆಯ ಜೋಡಿಯಲ್ಲಿ ಇಬ್ಬರೂ ಪರಸ್ಪರ ಜಾಗ ಬದಲಿಸಿಕೊಳ್ಳುತ್ತಾರೆ. ಈಗ ನಿಮ್ಮದೇ ಸಾಲಿನಲ್ಲಿ, ನಿಮ್ಮ ಪಕ್ಕದಲ್ಲಿ, ಇನ್ನೊಂದು ಜೋಡಿಯವರೊಬ್ಬರು ಇದ್ದಾರೆ. ಅವರು ನಿಮ್ಮ ನೆರೆಯವರು. ಮೊದಲ 16 ಎಣಿಕೆಯಲ್ಲಿ ನೆರೆಯವರೊಂದಿಗೆ ಬ್ಯಾಲೆನ್ಸ್ (ಒಬ್ಬರೆಡೆಗೊಬ್ಬರು ಹೆಜ್ಜೆಯಿಟ್ಟು ಹಿಂದೆ ಸರಿಯುವುದು) ಮತ್ತು ಸ್ವಿಂಗ್. ಅದೇ ರಾಗ ಮರುಕಳಿಸಿದಾಗ ನಾಲ್ವರೂ ಎಡಕ್ಕೆ ಮುಕ್ಕಾಲು ಸುತ್ತು, ಆಮೇಲೆ ನಿಮ್ಮ ಜೊತೆಗಾರರೊಂದಿಗೆ ಸ್ವಿಂಗ್. ರಾಗದ ಎರಡನೆಯ ಭಾಗ ಬಂದಾಗ ಎರಡೂ ಉದ್ದ ಸಾಲುಗಳು ಮುಂದೆ ಬಂದು ಹಿಂದೆ ಸರಿಯುತ್ತವೆ, ಅನಂತರ ಬಲಬದಿಯವರಿಬ್ಬರ ಚೈನ್ (ನಡುವೆ ಬಲಗೈ ಹಿಡಿದು ಎದುರು ಬದಿಗೆ ದಾಟುವುದು). ಕೊನೆಯ 16 ಎಣಿಕೆಯಲ್ಲಿ ನಾಲ್ವರ ಎಡಗೈ ಸ್ಟಾರ್ (ನಡುವೆ ಎಡಗೈ ಸೇರಿಸಿ ಸುತ್ತುವುದು) ಒಂದು ಪೂರ್ತಿ ಸುತ್ತು, ಆಮೇಲೆ ಸ್ಟಾರ್ ಬಿಟ್ಟು ಮುಂದೆ ಎದುರಾಗುವ ಹೊಸ ನೆರೆಯವರೊಂದಿಗೆ ಡೋಸಿಡೋ (ಬೆನ್ನಿಗೆ ಬೆನ್ನಾಗಿ ಒಬ್ಬರನ್ನೊಬ್ಬರು ಸುತ್ತಿ ಬರುವುದು). ಅಲ್ಲಿಗೆ 64. ಮತ್ತೆ ಮೊದಲಿನಿಂದ ಆರಂಭವಾದಾಗ ನೀವು ಆ ಹೊಸಬರೊಂದಿಗೆ ಬ್ಯಾಲೆನ್ಸ್ ಮಾಡುತ್ತಿರುತ್ತೀರಿ.

ಇದರಲ್ಲಿ ನಿಮಗೆ ಗೊತ್ತಿಲ್ಲದ ಚಲನೆ ಒಂದೂ ಇಲ್ಲ. ಆದರೆ ಮುಗಿಯುವ ಹೊತ್ತಿಗೆ ನೀವು ಹೊರಟ ಜಾಗದಲ್ಲಿ ಇಲ್ಲ. ನನ್ನ ಅಭಿಪ್ರಾಯದಲ್ಲಿ, ಲಯದ ವಿಷಯವನ್ನು ಬಿಟ್ಟರೆ ಸ್ಕ್ವೇರ್ ಡಾನ್ಸರ್‌ಗಳನ್ನು ಹೆಚ್ಚು ಗೊಂದಲಕ್ಕೆ ತಳ್ಳುವುದು ಇದೇ. ಚೌಕದಲ್ಲಿ ನಿಮಗೊಂದು ಹೋಮ್ ಇದೆ. ಎಷ್ಟೇ ತಿರುಗಿದರೂ, ಎಷ್ಟೇ ಸಿಕ್ಕುಗಳಾದರೂ, ಕೊನೆಗೆ ಆ ಸ್ವಸ್ಥಾನಕ್ಕೆ ಮರಳಿದರೆ ಎಲ್ಲವೂ ಸರಿಯಾಯಿತೆಂದು ಅರ್ಥ. ಕಾಂಟ್ರಾದಲ್ಲಿ ಸ್ವಸ್ಥಾನವೆಂಬುದಿಲ್ಲ. ಒಂದನೆಯ ಜೋಡಿಗಳು ಪ್ರತಿ ಸುತ್ತಿಗೂ ಒಂದು ಸ್ಥಾನ ಕೆಳಗೆ, ಎರಡನೆಯವು ಒಂದು ಸ್ಥಾನ ಮೇಲೆ ಸಾಗುತ್ತಿರುತ್ತವೆ. ತುದಿ ಮುಟ್ಟಿದ ಜೋಡಿ ಒಂದು ಸುತ್ತು ಹೊರಗೆ ನಿಂತು, ಅಷ್ಟರಲ್ಲಿ ಪರಸ್ಪರ ಜಾಗ ಬದಲಿಸಿಕೊಂಡು, ಮುಂದಿನ ಸುತ್ತಿಗೆ ವಿರುದ್ಧ ಸಂಖ್ಯೆಯವರಾಗಿ ಒಳಗೆ ಬರುತ್ತದೆ. ಹೊರಗಿರುವ ಆ ಅರ್ಧ ನಿಮಿಷವನ್ನು ಹರಟೆಯಲ್ಲಿ ಕಳೆಯಬೇಡಿ. ಎದುರು ಬರುತ್ತಿರುವವರನ್ನು ಗಮನಿಸಿ, ಏಕೆಂದರೆ ಅನೇಕ ನೃತ್ಯಗಳಲ್ಲಿ ನಿಮ್ಮನ್ನು ಒಳಗೆ ಸೆಳೆದುಕೊಳ್ಳುವ ಕೈ ನೀವು ಎಣಿಸಿದ್ದಕ್ಕಿಂತ ಸ್ವಲ್ಪ ಮೊದಲೇ ಬರುತ್ತದೆ.

ತಪ್ಪನ್ನು ತಿದ್ದಿಕೊಳ್ಳುವ ರೀತಿಯೂ ಇದರಿಂದಾಗಿಯೇ ಬದಲಾಗುತ್ತದೆ. ಚೌಕ ಮುರಿದರೆ ಎಂಟೂ ಜನ ನಿಂತು, ಮತ್ತೆ ಕೂಡಿಕೊಂಡು, ಕಾಲರ್ ಮುಂದಿನ ಅವಕಾಶ ಕೊಡುವವರೆಗೆ ಕಾಯುತ್ತೀರಿ. ಸಾಲಿನಲ್ಲಿ ಯಾರೂ ಕಾಯುವಂತಿಲ್ಲ, ಯಾರೂ ಕಾಯಬೇಕಾಗಿಯೂ ಇಲ್ಲ. ದಾರಿ ತಪ್ಪಿದರೆ ಕಳೆದುಹೋದದ್ದನ್ನು ಪೂರೈಸಲು ಹೋಗದೆ, ಮುಂದಿನ ನೆರೆಯವರು ಯಾರೆಂದು ಹುಡುಕಿ ಅವರೆದುರು ಹೋಗಿ ನಿಂತರೆ ಸಾಕು. ನಿಮ್ಮಂತೆ ಪ್ರತಿಯೊಂದು ಕಾಲ್‌ನ್ನೂ ಕಡೆಯವರೆಗೆ ಸರಿಯಾಗಿ ಮಾಡಿ ಅಭ್ಯಾಸವಾದವರಿಗೆ ಅರ್ಧ ಮಾಡಿದ್ದನ್ನು ಬಿಟ್ಟು ಮುಂದೆ ಹೋಗುವುದಕ್ಕೆ ಮನಸ್ಸು ಒಪ್ಪುವುದಿಲ್ಲ, ಆದರೆ ಅದನ್ನೇ ಅಭ್ಯಾಸ ಮಾಡಿಕೊಳ್ಳಬೇಕು.

ಎರಡೂ ನೃತ್ಯಗಳು ಒಂದೇ ಮನೆಯಲ್ಲಿ ಹುಟ್ಟಿ ಬೇರೆ ಬೇರೆ ಊರು ಸೇರಿದ ದಾಯಾದಿಗಳು ಎನ್ನುವುದನ್ನು ತಿಳಿದಿದ್ದರೆ ಈ ಭೇದಗಳ ಕಾರಣವೂ ತಿಳಿಯುತ್ತದೆ. ಜಾನ್ ಪ್ಲೇಫೋರ್ಡ್ ಲಂಡನ್ನಿನಲ್ಲಿ 1651ರಲ್ಲಿ ಹೊರತಂದ ನೃತ್ಯಸಂಗ್ರಹದಲ್ಲಿ ನೂರಕ್ಕೂ ಹೆಚ್ಚು ಇಂಗ್ಲಿಷ್ ಕಂಟ್ರಿ ಡಾನ್ಸ್‌ಗಳಿದ್ದವು, ಅವುಗಳಲ್ಲಿ ಅನೇಕವು 'ಎಷ್ಟು ಜನ ಬಂದರೆ ಅಷ್ಟು' ಎಂಬ ಉದ್ದ ಸಾಲಿನವು. ಅವು ಫ್ರಾನ್ಸಿಗೆ ಹೋಗಿ 'ಕಾಂತ್ರದಾಂಸ್' ಎನಿಸಿಕೊಂಡವು. ಅಲ್ಲಿ ನಾಲ್ಕು ಜೋಡಿಗಳ ಚೌಕದ ರೂಪ ಬೆಳೆದು ಕೊಟಿಯೋನ್ ಆಯಿತು, ಮುಂದೆ ಕ್ವಾಡ್ರಿಲ್ ಆಯಿತು. ಆ ಚೌಕದ ವಂಶವೇ ಅಮೆರಿಕಕ್ಕೆ ಬಂದು ನಿಮ್ಮ ಸ್ಕ್ವೇರ್ ಡಾನ್ಸ್ ಆದದ್ದು. ಚಲನೆಗಳನ್ನು ಕೂಗಿ ಹೇಳುವ ಪದ್ಧತಿ ಮಾತ್ರ ಅಮೆರಿಕದ ನೆಲದಲ್ಲೇ ಬೆಳೆಯಿತು, 19ನೇ ಶತಮಾನದ ಪೂರ್ವಾರ್ಧದಲ್ಲಿ ಹಾಗೆ ಕರೆದು ಹೇಳುತ್ತಿದ್ದ ಮೊದಲಿಗರಲ್ಲಿ ಆಫ್ರಿಕನ್ ಮೂಲದ ಪಿಟೀಲುವಾದಕರಿದ್ದರು. ಈ ಸಂಗತಿಯನ್ನು ಇಲ್ಲಿನ ನೃತ್ಯಕೂಟಗಳಲ್ಲಿ ಬಹುಕಾಲ ಯಾರೂ ಹೇಳುತ್ತಿರಲಿಲ್ಲ, ಆದ್ದರಿಂದ ನಾನು ಹೇಳದೆ ಮುಂದೆ ಹೋಗಲಾರೆ.

ಪಶ್ಚಿಮದಲ್ಲಿ ಕೊಲರಾಡೊ ಸ್ಪ್ರಿಂಗ್ಸ್‌ನ ಶಾಲೆಯೊಂದರ ಮುಖ್ಯಸ್ಥರಾಗಿದ್ದ ಲಾಯ್ಡ್ ಶಾ ಅವರು 1939ರಲ್ಲಿ ತಮ್ಮ ಪುಸ್ತಕದ ಮೂಲಕ ಕೌಬಾಯ್ ಚೌಕಗಳನ್ನು ದೇಶಕ್ಕೆಲ್ಲ ಪರಿಚಯಿಸಿದರು. ಎರಡನೆಯ ಮಹಾಯುದ್ಧದ ನಂತರ ಧ್ವನಿವರ್ಧಕ ಬಂತು, ಗ್ರಾಮಫೋನ್ ತಟ್ಟೆ ಬಂತು, ಒಬ್ಬ ಕಾಲರ್ ವಾದ್ಯದವರಿಲ್ಲದೆಯೇ ನೂರಾರು ಜನರನ್ನು ಕುಣಿಸಬಲ್ಲವನಾದ. 1974ರಲ್ಲಿ ಕಾಲರ್‌ಗಳ ಸಂಘವಾದ ಕಾಲರ್‌ಲ್ಯಾಬ್ ಸ್ಥಾಪನೆಯಾಗಿ ಕಾಲ್‌ಗಳ ಪಟ್ಟಿಗಳು ಎಲ್ಲೆಡೆ ಒಂದೇ ರೀತಿಯಾದವು. ಹೀಗೆ ಸ್ಕ್ವೇರ್ ಡಾನ್ಸ್ ಮಾತಿನ ಕಲೆಯಾಗಿ ಬೆಳೆಯಿತು, ಅದು ಆ ಪರಂಪರೆಯ ದೊಡ್ಡ ಸಾಧನೆ. ಬೇರೆ ದೇಶದ ಸಭಾಂಗಣದಲ್ಲೂ ನೀವು ಅಪರಿಚಿತರೊಂದಿಗೆ ನಿಂತು ಕುಣಿಯಬಲ್ಲಿರಾದರೆ ಅದರಿಂದಲೇ.

ಅದೇ ಕಾಲದಲ್ಲಿ ನ್ಯೂ ಹ್ಯಾಂಪ್‌ಶೈರ್ ಮತ್ತು ವರ್ಮಾಂಟ್‌ನ ಪುಟ್ಟ ಊರುಗಳಲ್ಲಿ ಸಾಲಿನ ನೃತ್ಯ ಉಳಿದುಕೊಂಡಿತ್ತು. ಅಲ್ಲಿ ಪಿಟೀಲು, ಪಿಯಾನೋ ನುಡಿಸುವವರು ಊರಿನವರೇ. ನ್ಯೂ ಹ್ಯಾಂಪ್‌ಶೈರ್‌ನ ರಾಲ್ಫ್ ಪೇಜ್ 1930ರಿಂದ ಕಾಲರ್ ಆಗಿದ್ದು, 1949ರಿಂದ 1984ರವರೆಗೆ 'ನಾರ್ದರ್ನ್ ಜಂಕೆಟ್' ಎಂಬ ಪತ್ರಿಕೆಯನ್ನೂ ನಡೆಸಿ ಆ ಸಂಪ್ರದಾಯವನ್ನು ದಾಖಲಿಸಿದರು. 1960ರ ದಶಕದಿಂದ ಡಡ್ಲಿ ಲಾಫ್‌ಮನ್ ಯುವಜನರನ್ನು ಅದರತ್ತ ಸೆಳೆದರು, ಅಲ್ಲಿಂದ ಅದು ದೇಶದ ನಗರಗಳಿಗೆಲ್ಲ ಹಬ್ಬಿತು. ನೀವು ಗಮನಿಸಬೇಕಾದ ಒಂದು ಅಂಶವಿದೆ: ಪೇಜ್ ಅವರಾಗಲಿ, ಅವರ ನಂತರದ ಟೆಡ್ ಸನೆಲಾ ಅವರಾಗಲಿ ಒಂದೇ ಸಂಜೆಯಲ್ಲಿ ಚೌಕವನ್ನೂ ಸಾಲನ್ನೂ ಕುಣಿಸುತ್ತಿದ್ದರು. ಇವೆರಡನ್ನೂ ಬೇರೆ ಬೇರೆ ಹವ್ಯಾಸಗಳೆಂದು ನೋಡುವ ಇಂದಿನ ರೂಢಿ ಅವರಿಗೆ ವಿಚಿತ್ರವೆನಿಸುತ್ತಿತ್ತೇನೋ.

ವಾದ್ಯದವರು ಎದುರಿಗೇ ಇರುವುದು ಕಾಂಟ್ರಾದ ಜೀವ ಎಂದು ನಾನು ನಂಬಿದ್ದೇನೆ. ಬಾಬ್ ಮೆಕ್ವಿಲನ್ ಎಂಬ ನ್ಯೂ ಹ್ಯಾಂಪ್‌ಶೈರ್‌ನ ಪಿಯಾನೋ ವಾದಕರು ಸಾವಿರಕ್ಕೂ ಹೆಚ್ಚು ರಾಗಗಳನ್ನು ರಚಿಸಿದರು, ಅನೇಕವಕ್ಕೆ ತಮ್ಮ ಗೆಳೆಯರ ಹೆಸರನ್ನೇ ಇಟ್ಟರು. 2002ರಲ್ಲಿ ಅವರಿಗೆ ಅಮೆರಿಕ ಸರ್ಕಾರದ ಕಲಾಸಂಸ್ಥೆಯ ಪಾರಂಪರಿಕ ಕಲಾವಿದರ ಗೌರವ ಸಂದಿತು. ಇಂಥ ವಾದಕರು ನೆಲದ ಮೇಲಿನವರ ಹೆಜ್ಜೆ ನೋಡಿ ನುಡಿಸುತ್ತಾರೆ. ಹತ್ತಾರು ಸುತ್ತುಗಳ ನಡುವೆ ಒಂದು ರಾಗದಿಂದ ಇನ್ನೊಂದಕ್ಕೆ ಜಿಗಿಯುತ್ತಾರೆ, ಆ ಕ್ಷಣದಲ್ಲಿ ಇಡೀ ಸಭಾಂಗಣ ತನಗರಿವಿಲ್ಲದೆ ಹುರುಪಿನಿಂದ ಕೂಗುವುದನ್ನು ನೀವು ಕೇಳುತ್ತೀರಿ.

ಇನ್ನು ಕೈಗಳ ವಿಷಯ. ಅಲಮ್ಯಾಂಡ್‌ಗೆ (ಇಬ್ಬರು ಒಂದು ಕೈ ಹಿಡಿದು ಒಬ್ಬರ ಸುತ್ತ ಒಬ್ಬರು ತಿರುಗುವುದಕ್ಕೆ) ನೀವು ಮುಂಗೈಯನ್ನು ಮುಂಗೈಗೆ ಹಿಡಿಯುತ್ತೀರಿ. ಇಲ್ಲಿ ಹೆಬ್ಬೆರಳು ಮೇಲಾಗಿ ಅಂಗೈಗೆ ಅಂಗೈ ಕೊಟ್ಟು, ಮೊಣಕೈ ಮಡಿಸಿ, ಪರಸ್ಪರ ಸ್ವಲ್ಪ ಹಿಂದಕ್ಕೆ ವಾಲುತ್ತೇವೆ. ಬೆರಳುಗಳಿಂದ ಹಿಂಡುವುದಿಲ್ಲ. ಹೀಗೆ ಇಬ್ಬರೂ ತಮ್ಮ ಭಾರವನ್ನು ಸಮವಾಗಿ ಕೊಟ್ಟಾಗ ತಿರುಗುವುದಕ್ಕೆ ಶ್ರಮವೇ ಬೇಕಾಗುವುದಿಲ್ಲ. ಎದುರಿನ ಜೋಡಿಯೊಂದಿಗೆ ಜಾಗ ಬದಲಿಸಿಕೊಳ್ಳುವ ರೈಟ್ ಅಂಡ್ ಲೆಫ್ಟ್ ಥ್ರೂ ಮಾಡುವಾಗ ನೀವು ಕೈ ಹಿಡಿದು ದಾಟುತ್ತೀರಿ. ನ್ಯೂ ಇಂಗ್ಲೆಂಡ್‌ನ ಅನೇಕ ಸಭಾಂಗಣಗಳಲ್ಲಿ ಕೈ ಕೊಡದೆಯೇ ದಾಟುತ್ತಾರೆ, ಆದ್ದರಿಂದ ನಿಮ್ಮ ಚಾಚಿದ ಕೈ ಖಾಲಿ ಉಳಿದರೆ ಬೇಸರಿಸಬೇಡಿ.

ಸ್ವಿಂಗ್ ಬಗ್ಗೆ ಸ್ವಲ್ಪ ಹೆಚ್ಚು ಹೇಳಬೇಕು. ಚೌಕದಲ್ಲಿ ಅದು ನಾಲ್ಕೈದು ಹೆಜ್ಜೆಗಳಲ್ಲಿ ಮುಗಿದುಹೋಗುವ ಸಣ್ಣ ಅಲಂಕಾರ. ಕಾಂಟ್ರಾದಲ್ಲಿ ಅದು 8 ಎಣಿಕೆಯಾದರೂ ಇರುತ್ತದೆ, ಅದಕ್ಕೆ ಮೊದಲು ಬ್ಯಾಲೆನ್ಸ್ ಇದ್ದಾಗ ಸ್ವಿಂಗ್ ಒಂದೇ 12. ಇಬ್ಬರ ಬಲಗಾಲುಗಳೂ ಒಂದರ ಪಕ್ಕ ಒಂದು ನೆಲದ ನಡುವೆ ಇರುತ್ತವೆ, ಎಡಗಾಲು ಅದರ ಸುತ್ತ ತಳ್ಳುತ್ತಾ ಸಾಗುತ್ತದೆ, ಮಕ್ಕಳು ಒಂದು ಕಾಲಲ್ಲಿ ತಳ್ಳುತ್ತಾ ಸ್ಕೂಟರ್ ಓಡಿಸುವ ಹಾಗೆ. ಮೇಲೆ ಕೆಳಗೆ ಕುಪ್ಪಳಿಸಬಾರದು. ತಲೆ ತಿರುಗದಂತೆ ಎದುರಿನವರ ಕಣ್ಣನ್ನೋ, ಅದು ಮುಜುಗರವೆನಿಸಿದರೆ ಅವರ ಕಿವಿ ಅಥವಾ ಭುಜವನ್ನೋ ನೋಡುತ್ತಿರಬೇಕು. ಕೊನೆಯ ಎರಡು ಎಣಿಕೆಗಳನ್ನು ತೆರೆದುಕೊಳ್ಳುವುದಕ್ಕೆ ಉಳಿಸಿಕೊಳ್ಳಿ, ಇಲ್ಲವಾದರೆ ಮುಂದಿನ ಚಲನೆಗೆ ತಡವಾಗುತ್ತದೆ. ಸ್ವಿಂಗ್ ಮುಗಿದಾಗ ಯಾರು ಎಡಕ್ಕೆ, ಯಾರು ಬಲಕ್ಕೆ ಎಂಬುದು ಮುಖ್ಯ. ಈಗ ಅನೇಕ ಕೂಟಗಳಲ್ಲಿ ಗಂಡು ಹೆಣ್ಣು ಎನ್ನದೆ, ಎಡಬದಿಯಲ್ಲಿ ಮುಗಿಸುವವರನ್ನು ಲಾರ್ಕ್ ಎಂದೂ ಬಲಬದಿಯಲ್ಲಿ ಮುಗಿಸುವವರನ್ನು ರಾಬಿನ್ ಎಂದೂ ಕರೆಯುತ್ತಾರೆ. ಎರಡೂ ಹಕ್ಕಿಗಳ ಹೆಸರು, ಇಂಗ್ಲಿಷಿನಲ್ಲಿ ಎಡಬಲಗಳ ಮೊದಲ ಅಕ್ಷರಗಳನ್ನೇ ನೆನಪಿಸುತ್ತವೆ. ಯಾರು ಬೇಕಾದರೂ ಯಾವ ಪಾತ್ರವನ್ನಾದರೂ ಆಡಬಹುದು, ಎರಡನ್ನೂ ಕಲಿತರೆ ನೃತ್ಯ ಬೇಗ ಅರ್ಥವಾಗುತ್ತದೆ.

ನಿಮಗೆ ನಿಜವಾಗಿಯೂ ಹೊಸದಾಗಬಹುದಾದ ಚಲನೆಯೆಂದರೆ 'ಹೇ'. ನಾಲ್ವರು ಒಬ್ಬರನ್ನೊಬ್ಬರು ಬಲಭುಜ, ಎಡಭುಜ ಎಂದು ಸರದಿಯಾಗಿ ದಾಟುತ್ತಾ, ಕೈ ಕೊಡದೆ, ಹೆಣಿಗೆಯಂತೆ ಸಾಗುತ್ತಾರೆ. ಪೂರ್ತಿ 'ಹೇ' ಚಲನೆಗೆ 16 ಎಣಿಕೆ. ನಮ್ಮ ಊರುಗಳಲ್ಲಿ ಮೇಲಿನಿಂದ ಇಳಿಬಿಟ್ಟ ಬಣ್ಣದ ಹಗ್ಗಗಳನ್ನು ಹಿಡಿದು ಜಡೆ ಕೋಲಾಟ ಆಡುವುದನ್ನು ನೋಡಿದವರಿಗೆ ಒಳಗೆ ಹೊರಗೆ ನುಸುಳುವ ಆ ದಾರಿ ಕಣ್ಣಿಗೆ ಕಟ್ಟುತ್ತದೆ. ತುದಿ ಮುಟ್ಟಿದವರು ಅಗಲವಾದ ತಿರುವು ತೆಗೆದುಕೊಂಡು ಮರಳಬೇಕು. ಗಡಿಬಿಡಿಯಲ್ಲಿ ಅಲ್ಲೇ ಗಿರಕ್ಕನೆ ತಿರುಗಿದರೆ ಮುಂದಿನವರಿಗೆ ಡಿಕ್ಕಿಯಾಗುತ್ತದೆ.

ಒಂದೇ 64 ಎಣಿಕೆಯನ್ನು ಹದಿನೈದು ಸಲ ಮಾಡುವುದರಲ್ಲಿ ಬೇಸರವಾಗುವುದಿಲ್ಲವೇ ಎಂದು ನೀವು ಕೇಳುವುದು ಸಹಜ, ಏಕೆಂದರೆ ನಿಮ್ಮ ಆನಂದ ಒಗಟು ಬಿಡಿಸುವುದರಲ್ಲಿದೆ. ಕಾಂಟ್ರಾದಲ್ಲಿ ಮೂರನೆಯ ಸುತ್ತಿಗೇ ಒಗಟು ಮುಗಿದಿರುತ್ತದೆ, ನಿಜ. ಆದರೆ ಗಾಯಕರೊಬ್ಬರು ಪಲ್ಲವಿಯ ಒಂದೇ ಸಾಲನ್ನು ಸಂಗತಿಯ ಮೇಲೆ ಸಂಗತಿಯಾಗಿ ಹಾಡುವಾಗ ಮುಂದಿನ ಪದ ಯಾವುದೆಂದು ನಮಗೆ ಗೊತ್ತಿರುವುದರಿಂದಲೇ ಹಾಡುವ ಬಗೆಗೆ ಕಿವಿ ತೆರೆದುಕೊಳ್ಳುತ್ತದೆಯಲ್ಲವೇ? ಇಲ್ಲಿಯೂ ಅದೇ. ಚಲನೆಯ ಚಿಂತೆ ಕಳೆದ ಮೇಲೆ ಎದುರಿಗಿರುವ ಮನುಷ್ಯರು ಕಾಣಿಸುತ್ತಾರೆ. ಒಬ್ಬರು ನಿಧಾನ, ಒಬ್ಬರು ಚುರುಕು, ಒಬ್ಬರ ಮಂಡಿ ನೋಯುತ್ತಿದೆ, ಇನ್ನೊಬ್ಬರು ಹತ್ತು ವರ್ಷದ ಬಾಲಕಿ. ಪ್ರತಿ ಅರ್ಧ ನಿಮಿಷಕ್ಕೂ ಅವರವರಿಗೆ ತಕ್ಕಂತೆ ನಿಮ್ಮ ಸ್ವಿಂಗ್ ಬದಲಾಗಬೇಕು. ನನಗೆ ಇದು ಯಾವ ಕ್ಲಿಷ್ಟ ಕಾಲ್‌ಗಿಂತಲೂ ಕಡಿಮೆ ಕೌಶಲದ ಕೆಲಸವಾಗಿ ಕಂಡಿಲ್ಲ.

ಹಳೆಯ ನೃತ್ಯಗಳಲ್ಲಿ ಎಲ್ಲರೂ ಸಮಾನವಾಗಿ ಚಲಿಸುತ್ತಿರಲಿಲ್ಲ ಎಂಬುದನ್ನೂ ಹೇಳಿಬಿಡುತ್ತೇನೆ. 'ಕೋರಸ್ ಜಿಗ್' ಎಂಬ ಪ್ರಸಿದ್ಧ ನೃತ್ಯದಲ್ಲಿ ಒಂದನೆಯ ಜೋಡಿಗಳೇ ಹೊರಗಿನಿಂದ ಕೆಳಗಿಳಿದು ಮರಳುತ್ತವೆ, ನಡುವಿನಿಂದ ಇಳಿದು ಮರಳುತ್ತವೆ, ಮೂಲೆಯವರನ್ನು ಸರದಿಯಾಗಿ ತಿರುಗಿಸುತ್ತವೆ, ಕೊನೆಗೆ ಬ್ಯಾಲೆನ್ಸ್ ಮತ್ತು ಸ್ವಿಂಗ್ ಮಾಡುತ್ತವೆ. ಎರಡನೆಯವರು ಬಹುಪಾಲು ನಿಂತು ನೆರವಾಗುತ್ತಾರೆ. ಹೆಸರಿನಲ್ಲಿ ಜಿಗ್ ಇದ್ದರೂ ಅದರ ರಾಗ ಬೇರೆ ಲಯದ ರೀಲ್. ಇಂದಿನ ರಚನೆಗಳಲ್ಲಿ ನಾಲ್ವರಿಗೂ ಸಮನಾದ ಕೆಲಸವಿರುತ್ತದೆ, ಆದರೆ ಹಳೆಯದೊಂದು ಸಿಕ್ಕರೆ ಬಿಡಬೇಡಿ.

ಮೊದಲ ಸಂಜೆಗೆ ಹೋಗುವಾಗ ಮೆತ್ತನೆಯ ಅಡಿಯ, ನೆಲಕ್ಕೆ ಗೀರು ಬೀಳಿಸದ ಶೂ ಇರಲಿ. ವಿಶೇಷ ಉಡುಪು ಬೇಡ, ಹಗುರಾದ ಹತ್ತಿಯ ಬಟ್ಟೆ ಸಾಕು. ನಿಮ್ಮ ಸಂಗಾತಿಯೊಂದಿಗೇ ಇಡೀ ಸಂಜೆ ಕುಣಿಯುವುದು ಅಲ್ಲಿನ ರೂಢಿಯಲ್ಲ, ಪ್ರತಿ ನೃತ್ಯಕ್ಕೂ ಬೇರೊಬ್ಬರನ್ನು ಕೇಳಿ. ಬೇಡವೆಂದರೆ ಒಪ್ಪಿಕೊಳ್ಳಿ, ನಿಮಗೂ ಬೇಡವೆನ್ನುವ ಹಕ್ಕಿದೆ. ಪ್ರತಿ ಚಲನೆಯ ಕೊನೆಗೂ ಕೈ ಮೇಲೆತ್ತಿ ಎದುರಿನವರನ್ನು ಸುತ್ತಿಸುವ ನಿಮ್ಮ ಅಭ್ಯಾಸವನ್ನು ಅವರು ಇಷ್ಟಪಡುವುದು ಖಚಿತವಾಗುವವರೆಗೆ ತಡೆದಿಡಿ. ಸಾಲಿನ ತುದಿಯಲ್ಲಿ ನಿಲ್ಲದೆ ನಡುವಿನಲ್ಲಿ ಸೇರಿಕೊಳ್ಳಿ, ಏಕೆಂದರೆ ತುದಿಗಳಲ್ಲೇ ಯೋಚನೆ ಹೆಚ್ಚು ಬೇಕಾಗುತ್ತದೆ. ಮತ್ತೆ, ನೀವು ನುರಿತವರು ಎನ್ನುವ ಕಾರಣಕ್ಕೆ ಪಕ್ಕದ ಹೊಸಬರಿಗೆ ಬಾಯಿಮಾತಿನಲ್ಲಿ ಕಲಿಸಲು ಹೋಗಬೇಡಿ, ಅವರು ಆಗ ರಾಗವನ್ನು ಕೇಳಬೇಕಾದವರು. ಸರಿಯಾದ ಹೊತ್ತಿಗೆ ಸರಿಯಾದ ಜಾಗದಲ್ಲಿ ನಿಮ್ಮ ಕೈ ಚಾಚಿಕೊಂಡಿದ್ದರೆ ಅಷ್ಟೇ ಸಾಕು.

ನಾನು ಆಗ ವಿವರಿಸಿದ ನೃತ್ಯವನ್ನೇ ಈಗ ಮಾಡೋಣ. ಕುರ್ಚಿಗಳನ್ನು ಗೋಡೆಯ ಬದಿಗೆ ಸರಿಸಿ, ಉದ್ದಕ್ಕೆ ಎರಡು ಸಾಲಾಗಿ ನಿಂತು, ಮೇಲಿನಿಂದ ನಾಲ್ವರು ನಾಲ್ವರು ಕೈಹಿಡಿಯಿರಿ. ಮೊದಲ ಐದು ಸುತ್ತು ನಾನು ಹೇಳುತ್ತೇನೆ, ಆರನೆಯದರಿಂದ ಹೇಳುವುದಿಲ್ಲ.